ಗವರ್ನರ್‌ಗಿಂತ ಜಾಸ್ತಿ ಸಂಬಳ

ಭಾನುವಾರ ನಮ್ಮ ಮನೆಯ ಗುಂಪಿನಲ್ಲಿ ನಡೆದದ್ದು. ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿದೆಯೋ ಹಾಗೇ ಹಾಕಿದ್ದೇನೆ.

ಗೀತಾ ಚಿಕ್ಕಮ್ಮ: ನಿಮಗೆ ಗೊತ್ತೇ? ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದ ನಾಯಕಿ ಸುಲೋಚನಾ, ಮೂಕಿ ಕಾಲದಲ್ಲೇ ತಿಂಗಳಿಗೆ 5,000 ರೂಪಾಯಿ ಪಡೆಯುತ್ತಿದ್ದರು! ಬೊಂಬಾಯಿ ಗವರ್ನರ್‌ಗಿಂತ ಜಾಸ್ತಿ!! ಎಲ್ಲ ಹೆಣ್ಣುಮಕ್ಕಳಿಗೂ ಕಳುಹಿಸಿ 🙏🙏 (ಜೊತೆಗೆ ಒಬ್ಬ ನಟಿಯ ಫೋಟೊ)

ಮಂಜಣ್ಣ: ನಮ್ಮವಳಿಗೆ ಮಾತ್ರ ಬೇಡ 😂

ಕಿರಣ: ಚಿಕ್ಕಮ್ಮ, ಇದಕ್ಕೆ ಮೂಲ ಎಲ್ಲಿ? ಮೊದಲ ಸಾಲೇ ತಪ್ಪು. 1934ರ ಸತಿ ಸುಲೋಚನಾದಲ್ಲಿ ನಾಯಕಿ ತ್ರಿಪುರಾಂಬಾ. ಈ ಸುಲೋಚನಾ ಅಂದರೆ ರೂಬಿ ಮೈಯರ್ಸ್, 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯಹೂದಿ ಹುಡುಗಿ, ಆ ಹೆಸರು ಸಿನಿಮಾಕ್ಕೆ ಇಟ್ಟುಕೊಂಡದ್ದು. ಫೋಟೊದಲ್ಲಿ ಇರುವವರು ಇನ್ನೊಬ್ಬರು ಸುಲೋಚನಾ, ಚಿಕ್ಕೋಡಿ ಕಡೆಯ ಖಡಕಲಾಟದವರು, ಹಿಂದಿ ಸಿನಿಮಾದಲ್ಲಿ ಅಮ್ಮನ ಪಾತ್ರ ಮಾಡುತ್ತಿದ್ದರಲ್ಲ, ಅವರು. ಇನ್ನು ಗವರ್ನರ್ ಸಂಬಳ 1935ರ ಭಾರತ ಸರ್ಕಾರ ಕಾಯ್ದೆಯಲ್ಲೇ ಇದೆ, ವರ್ಷಕ್ಕೆ 1,20,000. ತಿಂಗಳಿಗೆ 10,000 ಆಯ್ತು. ಐದು ಹೇಗೆ ಜಾಸ್ತಿ?

ದೊಡ್ಡಪ್ಪ: ಲೆಕ್ಕ ಬಿಡು ಕಿರಣ. ಆ ಕಾಲದಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಪರದೆ ಮೇಲೆ ಬರುತ್ತಿರಲಿಲ್ಲ. ದುಡ್ಡೊಂದೇ ಎಲ್ಲ ಅಲ್ಲ.

ನಾನು: ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮೂಕಿ ಮೃಚ್ಛಕಟಿಕದಲ್ಲಿ ಪಾತ್ರ ಮಾಡಿದ್ದರು ದೊಡ್ಡಪ್ಪ, ಕೈಲಾಸಂ ಕೂಡ ಇದ್ದರು. ಅವರು ಮರ್ಯಾದಸ್ಥರಲ್ಲವಾ? ಕಾಲೇಜಿನಲ್ಲಿ ನನಗೆ ನಾಟಕ ಬಿಡಿಸಿದಾಗಲೂ ಇದೇ ಮಾತು ಹೇಳಿದ್ದಿರಿ.

ದೊಡ್ಡಪ್ಪ: ಹಳೇದೆಲ್ಲ ಈಗ್ಯಾಕಮ್ಮ.

ಕಿರಣ: ಯಾರೂ ಓದಲ್ಲ, ಆದರೂ ಹಾಕುತ್ತೇನೆ. 1927ರ ಒಂದೇ ಚಿತ್ರದಲ್ಲಿ ರೂಬಿ ಮೈಯರ್ಸ್‌ಗೆ ಎಂಟು ವೇಷ, ಮಾಲಿ, ಪೊಲೀಸ್, ಬಾಳೆಹಣ್ಣು ಮಾರುವವಳು ಎಲ್ಲ ಅವರೇ. ಟಾಕಿ ಬಂದ ಮೇಲೆ ಹಿಂದುಸ್ತಾನಿ ಸರಿಯಾಗಿ ಬರದೆ, ಕೂತು ಕಲಿತು ವಾಪಸ್ ಬಂದರು. 1928ರಲ್ಲೂ 1935ರಲ್ಲೂ ಅನಾರ್ಕಲಿ ಆಗಿದ್ದವರು 1953ರಲ್ಲಿ ಅದೇ ಕಥೆಗೆ ಸಲೀಮನ ತಾಯಿ. 1973ರ ಫಾಲ್ಕೆ ಪ್ರಶಸ್ತಿ ಅವರಿಗೇ. ಸಿನಿಮಾಕ್ಕೆ ಬರುವ ಮೊದಲು ಟೆಲಿಫೋನ್ ಆಪರೇಟರ್.

ಸರೋಜತ್ತೆ: ಆಪರೇಟರಾ! ನಮ್ಮ ಜಾತಿ ಹಾಗಾದರೆ 😄 ಎಕ್ಸ್‌ಚೇಂಜ್‌ನಲ್ಲಿ ನಾವು ಎಂಟು ಗಂಟೆ ಹೆಡ್‌ಫೋನ್ ಬಿಗಿದುಕೊಂಡು ಕೂರುತ್ತಿದ್ದೆವು, ಮನೆಗೆ ಬಂದರೆ ಕಿವಿ ಕೆಂಪು ಕೆಂಪು. ಟ್ರಂಕ್ ಕಾಲ್ ತಡವಾದರೆ ಬೈಗುಳವೂ ನಮಗೇ. ಹುಡುಗಿಗೆ ರಾತ್ರಿ ಪಾಳಿ ಬೇಡ ಅಂತ ಮನೆಯಲ್ಲಿ ಎರಡು ದಿನ ಊಟ ಬಿಟ್ಟಿದ್ದು ಯಾರು ಅಣ್ಣ? ಆಮೇಲೆ ಅದೇ ರಾತ್ರಿ ಪಾಳಿಯ ಸಾವಿರದ ಇನ್ನೂರು ನಿನ್ನ ಸ್ಕೂಟರಿಗೆ ಹೋಯಿತು.

ಮಂಜಣ್ಣ: ಆ ಹಸಿರು ಸ್ಕೂಟರಾ!! ಬೆಳಗ್ಗೆ ಎದ್ದು ಓರೆ ಮಾಡಿ ಮಲಗಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ನಾನು ಮುಂದೆ ನಿಂತು, ಅಪ್ಪ ಓಡಿಸುತ್ತ, ಹಿಂದೆ ಅಮ್ಮ, ಅಮ್ಮನ ಮಡಿಲಲ್ಲಿ ಹಲಸಿನ ಹಣ್ಣು. ಆ ದಿನ ಮತ್ತೆ ಬರಲ್ಲ ಬಿಡಿ.

ಗೀತಾ ಚಿಕ್ಕಮ್ಮ: ನಾನು ಸುಮ್ನೆ ಕಳಿಸಿದ್ದಪ್ಪ, ಪೂರ್ತಿ ಓದಿರಲಿಲ್ಲ. ಡಿಲೀಟ್ ಮಾಡಲಾ?

ಕಿರಣ: ಅತ್ತೆ, ಸಾವಿರದ ಇನ್ನೂರಕ್ಕೆ ಮೂಲ?

ಸರೋಜತ್ತೆ: ನಿಮ್ಮ ದೊಡ್ಡಪ್ಪನೇ ಮೂಲ. ಅವನನ್ನೇ ಕೇಳು.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬಂತು, ಹೋಯಿತು, ಮತ್ತೆ ಬಂತು.

ದೊಡ್ಡಪ್ಪ: ಸಾವಿರದ ಇನ್ನೂರಲ್ಲ. ಒಂಬೈನೂರು.