ಪದಚರ್ಚೆ: ‘ಫಾಲ್ಸ್ ಡಿಸ್ಕವರಿ ರೇಟ್’ಗೆ ‘ದೋಷ ದರ’ ಸಾಕೇ?

ಎಲ್ಲರಿಗೂ ನಮಸ್ಕಾರ. ಪ್ರೋಟೀನುಗಳ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ಅದರಲ್ಲಿ ‘ಫಾಲ್ಸ್ ಡಿಸ್ಕವರಿ ರೇಟ್’, ‘ಫಾಲ್ಸ್ ಪಾಸಿಟಿವ್ ರೇಟ್’ ಎರಡಕ್ಕೂ ‘ದೋಷ ದರ’ ಅಂತಲೇ ಇದೆ. ಇದು ನನಗೆ ಒಪ್ಪಿಗೆಯಿಲ್ಲ.

ಮೊದಲು ಹಿನ್ನೆಲೆ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಉಪಕರಣ ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಚಿಕ್ಕ ತುಂಡನ್ನು, ಒಡೆದು ಚೂರುಗಳನ್ನು ತೂಗುತ್ತದೆ. ಆ ತೂಕಗಳಿಗೆ ಡೇಟಾಬೇಸಿನಲ್ಲಿ ಯಾವ ಪೆಪ್ಟೈಡ್ ಚೆನ್ನಾಗಿ ಹೊಂದುತ್ತದೆ ಅಂತ ಸಾಫ್ಟ್‌ವೇರ್ ಹುಡುಕಿ ಅಂಕ ಕೊಡುತ್ತದೆ. ಸರಿಯುತ್ತರ ಅಲ್ಲಿ ಇಲ್ಲದಿದ್ದರೂ ಯಾವುದೋ ಒಂದು ಮೇಲೆ ಬಂದೇ ಬರುತ್ತದೆ, ಅದೇ ತಾಪತ್ರಯ. ಹಾಗಾಗಿ ಡೇಟಾಬೇಸಿಗೆ ಬೇಕಂತಲೇ ಸುಳ್ಳು ಪೆಪ್ಟೈಡುಗಳನ್ನು ಸೇರಿಸುತ್ತಾರೆ. ಇವೇ ‘ಡಿಕಾಯ್’. ಹಸುವಿನ ಅಲ್ಬುಮಿನ್‌ನಲ್ಲಿ ‘ಎಲ್-ವಿ-ಎನ್-ಇ-ಎಲ್-ಟಿ-ಇ-ಎಫ್-ಎ-ಕೆ’ ಎಂಬ ಪೆಪ್ಟೈಡ್ ಇದೆ (ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ). ಕೊನೆಯ ‘ಕೆ’ ಬಿಟ್ಟು ಉಳಿದದ್ದನ್ನು ತಿರುಗಿಸಿದರೆ ‘ಎ-ಎಫ್-ಇ-ಟಿ-ಎಲ್-ಇ-ಎನ್-ವಿ-ಎಲ್-ಕೆ’. ಒಟ್ಟು ತೂಕ ಅಷ್ಟೇ, ಚೂರುಗಳ ತೂಕ ಬೇರೆ. ತಪ್ಪು ಹೊಂದಾಣಿಕೆ ಅಸಲಿ, ನಕಲಿ ಎರಡರ ಮೇಲೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಇಲಿಯಾಸ್ ಮತ್ತು ಗಿಗಿ ಎಂಬ ಸಂಶೋಧಕರು 2007ರಲ್ಲಿ ಬರೆದ ಲೇಖನದ ನಂತರ ಈ ವಿಧಾನ ಎಲ್ಲ ಕಡೆ ರೂಢಿಗೆ ಬಂತು.

ಈಗ ಲೆಕ್ಕ. ಇಷ್ಟು ಅಂಕ ಬಂದರೆ ಒಪ್ಪೋಣ ಅಂತ ಒಂದು ಗೆರೆ ಹಾಕುತ್ತೇವೆ. ಅದನ್ನು ದಾಟಿದ ಹೊಂದಾಣಿಕೆಗಳಲ್ಲಿ ಅಸಲಿ 10,000, ನಕಲಿ 100 ಅಂದುಕೊಳ್ಳಿ. ಹಾಗಾದರೆ ಆ 10,000ದಲ್ಲೂ ಸುಮಾರು 100 ತಪ್ಪು. ಇದು ಫಾಲ್ಸ್ ಡಿಸ್ಕವರಿ ರೇಟ್, ಶೇ. 1. ಅಸಲಿಗಳ ಮೇಲೆ ಬಿದ್ದ ತಪ್ಪು ಹೊಂದಾಣಿಕೆ ಒಟ್ಟು 50,000 ಇದ್ದು, ಅದರಲ್ಲಿ ಈ 100 ಒಳಗೆ ನುಸುಳಿದ್ದರೆ ಫಾಲ್ಸ್ ಪಾಸಿಟಿವ್ ರೇಟ್ ಶೇ. 0.2. ಪಟ್ಟಿ ಒಂದೇ, ಭಾಗಿಸುವ ಸಂಖ್ಯೆ ಬೇರೆ. ಎರಡಕ್ಕೂ ‘ದೋಷ ದರ’ ಅಂದರೆ ಓದುಗ ಯಾವುದು ಅಂತ ತಿಳಿಯಬೇಕು?

ನನ್ನ ಸಲಹೆ: ಮೊದಲನೆಯದಕ್ಕೆ ‘ಹುಸಿಪತ್ತೆ ಪಾಲು’, ಎರಡನೆಯದಕ್ಕೆ ‘ತಪ್ಪು ನುಸುಳಿಕೆ ಪ್ರಮಾಣ’. ‘ದರ’ ಅಂದ್ರೆ ನಮಗೆ ಮೊದಲು ನೆನಪಾಗುವುದು ಈರುಳ್ಳಿ ದರ, ಅಲ್ವಾ? ‘ಪಾಲು’ ಅಂದರೆ ಒಪ್ಪಿಕೊಂಡದ್ದರಲ್ಲಿ ಎಷ್ಟು ಅಂತ ತಾನಾಗಿಯೇ ಕೇಳುತ್ತದೆ. ಆದರೆ ಶೇ. 1 ಇಡೀ ಪಟ್ಟಿಯ ಮಾತು. ಗೆರೆಯ ಅಂಚಿನಲ್ಲಿರುವ ಒಂದು ಪೆಪ್ಟೈಡ್ ತಪ್ಪಾಗಿರುವ ಸಾಧ್ಯತೆ ಅದಕ್ಕಿಂತ ಬಹಳ ಜಾಸ್ತಿ ಇರಬಹುದು. ಅದಕ್ಕೆ ‘ಬಿಡಿ ತಪ್ಪಿನ ಸಾಧ್ಯತೆ’ ಆಗಬಹುದೇನೋ.

ಉಳಿದದ್ದು ‘ಡಿಕಾಯ್’. ಹಳಗನ್ನಡದ ‘ದೀವ’ ಬಳಸೋಣ ಅಂತ ಗೆಳೆಯರೊಬ್ಬರು ಹೇಳಿದರು. ಚೆಂದದ ಪದವೇ. ಆದರೆ ಬೇಟೆಯ ದೀವ ಬೇರೆ ಪ್ರಾಣಿಯನ್ನು ಸೆಳೆಯಲು ಇಟ್ಟದ್ದು. ಇಲ್ಲಿ ನಕಲಿ ಪೆಪ್ಟೈಡ್ ತಪ್ಪು ಹೊಂದಾಣಿಕೆಗಳನ್ನು ಅಸಲಿಯಷ್ಟೇ ಸೆಳೆಯಬೇಕು, ಅದಕ್ಕಿಂತ ಹೆಚ್ಚು ಸೆಳೆದರೆ ಲೆಕ್ಕವೇ ಕೆಡುತ್ತದೆ. ನಾನು ಸುಮ್ನೆ ‘ನಕಲಿ ಸರಣಿ’ ಅಂತ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.