‘ಮಿಂಡೆನ್‌ನಲ್ಲಿ’ ಕದನವೋ, ‘ಮಿಂಡೆನ್ ಬಳಿ’ ಕದನವೋ?

ಎಲ್ಲರಿಗೂ ನಮಸ್ಕಾರ.

ಏಳು ವರ್ಷಗಳ ಯುದ್ಧದ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. ಒಂದು ಪ್ರತ್ಯಯದ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

‘1759ರ ಆಗಸ್ಟ್ 1ರಂದು ಜರ್ಮನಿಯ ಮಿಂಡೆನ್ ನಗರದಲ್ಲಿ ಕದನ ನಡೆಯಿತು’ ಎಂದು ಬರೆದು ಹೊಡೆದುಹಾಕಿದೆ. ಕಾದಾಟ ಊರೊಳಗೆ ಆಗಿದ್ದಲ್ಲ. ಕೋಟೆ ಇದ್ದ ಆ ಊರು ಜುಲೈನಲ್ಲೇ ಫ್ರೆಂಚರ ಕೈಸೇರಿತ್ತು. ಅವರ ದಂಡನಾಯಕ ಕೊಂಟಾಡ್ ಸೇನೆಯನ್ನು ಊರಾಚೆಯ ಬಯಲಿಗೆ ತಂದ. ಹಾಲೆನ್, ಟೋಟೆನ್‌ಹೌಸೆನ್ ಮುಂತಾದ ಹಳ್ಳಿಗಳಿರುವ ಬಯಲು ಅದು. ಬ್ರಿಟಿಷ್-ಜರ್ಮನ್ ಮಿತ್ರಸೇನೆಯ ದಂಡನಾಯಕ ಬ್ರನ್ಸ್‌ವಿಕ್‌ನ ಫರ್ಡಿನಾಂಡ್ ಅಲ್ಲಿ ಎದುರಾದ. ಸೋತ ಫ್ರೆಂಚರು ಮಿಂಡೆನ್ ಕಡೆಗೇ ಹಿಂದೆ ಸರಿದರು. ಮಾರನೇ ದಿನ ಊರೂ ಅವರ ಕೈಬಿಟ್ಟಿತು. ಅಂದರೆ ಮಿಂಡೆನ್ ಈ ಕದನದ ಹಿಂಬಾಗಿಲೂ ಹೌದು, ಬಹುಮಾನವೂ ಹೌದು. ರಣರಂಗ ಮಾತ್ರ ಅಲ್ಲ.

ಜರ್ಮನ್ನರು ಇದನ್ನು ‘ಶ್ಲಾಖ್ಟ್ ಬೈ ಮಿಂಡೆನ್’ ಅನ್ನುತ್ತಾರೆ. ಆ ‘ಬೈ’ ಅಂದರೆ ‘ಹತ್ತಿರ’ (ನಮ್ಮ ಬೈಗುಳದ ಬೈ ಅಲ್ಲ!). ಇಂಗ್ಲಿಷರು ‘ಬ್ಯಾಟಲ್ ಆಫ್ ಮಿಂಡೆನ್’ ಅಂದು ಸುಮ್ಮನಾಗುತ್ತಾರೆ.

ಹೆಸರಿನ ಮಟ್ಟಿಗೆ ನಮಗೆ ಕಷ್ಟವಿಲ್ಲ. ಪ್ಲಾಸಿ ಕದನ, ಪಾಣಿಪತ್ ಕದನದ ಹಾಗೆ ಪ್ರತ್ಯಯವೇ ಇಲ್ಲದೆ ‘ಮಿಂಡೆನ್ ಕದನ’ ಅಂದರೆ ಆಯಿತು. 1565ರ ತಾಳಿಕೋಟೆ ಕದನವನ್ನೇ ನೋಡಿ. ರಕ್ಕಸಗಿ, ತಂಗಡಗಿ ಹಳ್ಳಿಗಳ ಹೆಸರು ಹಿಡಿದು ಅದನ್ನೇ ರಕ್ಕಸತಂಗಡಿ ಕದನ ಅನ್ನುವವರೂ ಇದ್ದಾರೆ. ಆದರೂ ಜಾಸ್ತಿ ಬಳಕೆಯಲ್ಲಿ ಉಳಿದದ್ದು ತಾಳಿಕೋಟೆಯೇ.

ತೊಡಕು ಇರುವುದು ವಾಕ್ಯದೊಳಗೆ. ನಮ್ಮ ‘ಅಲ್ಲಿ’ ಬಹಳ ಸಡಿಲ. ಗೇಟಿನಾಚೆ ಟೀ ಅಂಗಡಿ ಮುಂದೆ ನಿಂತವರೂ ಫೋನಿನಲ್ಲಿ ‘ಬಸ್‌ಸ್ಟ್ಯಾಂಡಲ್ಲೇ ಇದೀನಿ’ ಅನ್ನುತ್ತಾರೆ, ಅಲ್ವಾ? ಆದರೆ ‘ನಗರದಲ್ಲಿ ಕದನ’ ಅಂದಕೂಡಲೇ ನನ್ನ ಕಣ್ಣಿಗೆ ಬರುವುದು ಬೀದಿ ಕಾಳಗ.

‘ಮಿಂಡೆನ್ ಯುದ್ಧ’ ಬೇಡವೇ ಬೇಡ. ಏಳು ವರ್ಷಗಳ ಯುದ್ಧದೊಳಗೆ ಇನ್ನೊಂದು ಯುದ್ಧ ಯಾಕೆ? ಒಂದೇ ದಿನದಲ್ಲಿ ಮುಗಿದದ್ದಕ್ಕೆ ಕದನ ಸಾಕು.

‘ಹೊರವಲಯದಲ್ಲಿ’ ಎಂದು ಬರೆದು ನೋಡಿದೆ, ರಿಂಗ್ ರೋಡ್ ನೆನಪಾಯಿತು. ‘ಊರಾಚೆಯ ಬಯಲಿನಲ್ಲಿ’ ನನಗೆ ಇಷ್ಟ. ಇತಿಹಾಸದ ಬರಹಕ್ಕೆ ಅದು ತೀರಾ ಆಡುಮಾತಾಯಿತೇ? ಹಾಗೆಯೇ, ‘ಮಿಂಡೆನ್‌ನ’ ಬರೆಯಲೋ, ‘ಬರ್ಲಿನ್ನಿನ’ ಅನ್ನುವ ಹಾಗೆ ‘ಮಿಂಡೆನ್ನಿನ’ ಬರೆಯಲೋ?