ಇಂಗ್ಲಿಷ್ ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ? ಪೆಟ್ಟು ತಿಂದು ಕಲಿತವರು ಹೇಳಿ

ಮುಂಬೈ ಬಳಿಯ ಠಾಣೆಯಿಂದ, ಕೇಳಿದವಳು: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ಸರಕು ಸಾಗಣೆ ಕಚೇರಿಯೊಂದರಲ್ಲಿ ಇಂಗ್ಲಿಷ್ ವರದಿ ಬರೆಯುವ ಕೆಲಸ. ‘ಇಂಗ್’, ‘ಎಡ್’ ಹಚ್ಚಿಕೊಂಡ ಕ್ರಿಯಾಪದದಿಂದ ಶುರುವಾಗುವ ಪದಗುಚ್ಛ, ಅಂದರೆ ಕೃದಂತ ಪದಗುಚ್ಛ, ಬಂದರೆ ಕೈ ನಡುಗುತ್ತದೆ. ನಿನ್ನೆ ಒಂದೇ ಪುಟದಲ್ಲಿ ಆರು ಕೆಂಪು ಗೀಟು ಬಿದ್ದಿವೆ. ನೀವೆಲ್ಲ ಹೇಗೆ ಕಲಿತಿರಿ?

ಡೊಂಬಿವಲಿಯಿಂದ: ವಾಕ್ಯದ ತಲೆಗೆ ಬಂದರೆ ಯೋಚಿಸಬೇಡ ತಂಗಿ, ಗುಚ್ಛ ಮುಗಿದಲ್ಲಿ ಅಲ್ಪವಿರಾಮ ಹಾಕು. ‘ಹಿಯರಿಂಗ್ ದ ಅನೌನ್ಸ್‌ಮೆಂಟ್, ವಿ ರ‍್ಯಾನ್.’ ಆದರೆ ‘ರನ್ನಿಂಗ್ ಫಾರ್ ದ ಟ್ರೇನ್ ಈಸ್ ಡೇಂಜರಸ್’ ಎಂಬಲ್ಲಿ ಓಡುವುದೇ ಕರ್ತೃ; ಅಲ್ಲಿ ಹಾಕಬಾರದು. ನಾನು ಹಾಕಿ ಎಷ್ಟೋ ವರ್ಷ ನಗೆಪಾಟಲಿಗೀಡಾದೆ.

ಮಾಟುಂಗಾದಿಂದ: ನಡುವೆ ಬಂದಾಗಲೇ ನಿಜವಾದ ಪೇಚು. 2005ರ ಜುಲೈ 26ರ ಮಳೆಗೆ ನಮ್ಮ ಸೊಸೈಟಿಯ ನೆಲಮಾಳಿಗೆ ಮುಳುಗಿತು. ವಿಮೆಗೆ ಪತ್ರ ಬರೆದವನು ನಾನೇ. ‘ದ ಕಾರ್ಸ್, ಪಾರ್ಕ್ಡ್ ಇನ್ ದ ಬೇಸ್‌ಮೆಂಟ್, ವರ್ ಡ್ಯಾಮೇಜ್ಡ್’ ಎಂದು ಚೆಂದಕ್ಕೆ ಎರಡು ಅಲ್ಪವಿರಾಮ ಇಟ್ಟೆ. ಬಂದ ಅಧಿಕಾರಿ ಅಂಗಳದಲ್ಲಿ ಒಣಗಿಕೊಂಡು ನಿಂತಿದ್ದ ಎರಡು ಕಾರು ತೋರಿಸಿ, “ಇವೂ ಕೆಳಗಿದ್ದವೇ?” ಎಂದರು. ಅಲ್ಪವಿರಾಮ ಇದ್ದರೆ ಎಲ್ಲ ಕಾರುಗಳೂ ನೆಲಮಾಳಿಗೆಯಲ್ಲಿದ್ದವು, ಎಲ್ಲವೂ ಕೆಟ್ಟವು ಎಂದರ್ಥ. ತೆಗೆದರೆ ಅಲ್ಲಿದ್ದವು ಮಾತ್ರ. ಗುಚ್ಛ ಕಿತ್ತು ಓದಿ ನೋಡಿ. ‘ಯಾವ ಕಾರು?’ ಎಂಬ ಪ್ರಶ್ನೆ ಎದ್ದರೆ ಅಲ್ಪವಿರಾಮ ಬೇಡ.

ಮುಲುಂಡ್‌ನಿಂದ: ಕೊನೆಗೆ ಬಂದರೂ ಹುಷಾರು. ‘ಐ ಸಾ ದ ಮ್ಯಾನೇಜರ್ ಗೆಟಿಂಗ್ ಡೌನ್ ಅಟ್ ದಾದರ್’: ಇಳಿಯುತ್ತಿದ್ದವರು ಮ್ಯಾನೇಜರ್. ‘ಮ್ಯಾನೇಜರ್’ ಆದ ಮೇಲೆ ಅಲ್ಪವಿರಾಮ ಬಂತೋ, ಇಳಿಯುವವಳು ನಾನು.

ಪುಣೆಯಿಂದ: ಅಲ್ಪವಿರಾಮ ಸರಿಯಿದ್ದೂ ವಾಕ್ಯ ಕೆಡುವುದುಂಟು. ಕನ್ನಡದಲ್ಲಿ ‘ಮಳೆ ಬಂದು ರಸ್ತೆ ಮುಳುಗಿತು’ ಎನ್ನುತ್ತೇವೆ. ಬಂದದ್ದು ಒಂದು, ಮುಳುಗಿದ್ದು ಇನ್ನೊಂದು, ಯಾರಿಗೂ ಗೊಂದಲವಿಲ್ಲ. ಅದೇ ಅಭ್ಯಾಸದಲ್ಲಿ ‘ವಾಕಿಂಗ್ ಟು ಆಫೀಸ್, ಮೈ ಅಂಬ್ರೆಲಾ ಬ್ರೋಕ್’ ಎಂದು ಬರೆದಿದ್ದೆ. ಕೊಡೆಯೇ ಕಚೇರಿಗೆ ನಡೆದುಕೊಂಡು ಹೋಯಿತು! ತಲೆಯಲ್ಲಿರುವ ಗುಚ್ಛದ ಕೆಲಸ ಮಾಡಿದವರು ಅಲ್ಪವಿರಾಮದ ಮಗ್ಗುಲಲ್ಲೇ ಕರ್ತೃವಾಗಿ ಕೂತಿರಬೇಕು.

ಠಾಣೆಯಿಂದ, ಕೇಳಿದವಳು: ಪುಟ ಮತ್ತೆ ತೆಗೆದು ನೋಡಿದೆ. ಆರರಲ್ಲಿ ನಾಲ್ಕು ಮಾಟುಂಗಾದವರ ಕಾರುಗಳ ಕತೆಯೇ, ಒಂದು ನಡೆದುಹೋದ ಕೊಡೆ. ಆರನೆಯದು ನಾನು ಬರೆದದ್ದೇ ಸರಿಯಿತ್ತು. ತಿದ್ದಿದ ಮೇಲಧಿಕಾರಿಯದೇ ತಪ್ಪು. ಹೇಳಲೋ, ಸುಮ್ಮನಿರಲೋ?